ದೊಡ್ಡ ಹಾಯಿಹಡಗಿನಲ್ಲಿ ಸಿಬ್ಬಂದಿಯಾಗಿ ದುಡಿಯುವುದು: ಸೀಟು ಹಿಡಿಯುವುದರಿಂದ ಹಗ್ಗ ಹಿಡಿಯುವವರೆಗೆ

ಹಾಯಿಹಡಗಿನ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು "ಅಷ್ಟು ಎತ್ತರ ಹತ್ತಬೇಕಾ?" ಅಂತ. ಹತ್ತಲೇಬೇಕು ಅಂತೇನಿಲ್ಲ. ಜನರಿಂದ ಹಣ ಪಡೆದು ತರಬೇತಿ ಕೊಡುವ ಬಹುತೇಕ ಹಡಗುಗಳಲ್ಲಿ ಅದು ನಿಮ್ಮ ಇಷ್ಟ. ಆದರೆ ನಡುರಾತ್ರಿ ಎಬ್ಬಿಸಿದಾಗ ಎದ್ದು, ಮಳೆ ಬಂದರೂ ನಾಲ್ಕು ಗಂಟೆ ಡೆಕ್ ಮೇಲೆ, ಅಂದರೆ ಹಡಗಿನ ಮೇಲ್ಗಡೆಯ ತೆರೆದ ನೆಲದ ಮೇಲೆ, ಇರುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಹೆಚ್ಚಿನ ಕೆಲಸ ಅಲ್ಲೇ ಇರುವುದು. ಹಗ್ಗ ಎಳೆಯುವುದು, ಕಟ್ಟುವುದು, ಸುತ್ತಿಡುವುದು, ಕಾವಲು ನಿಲ್ಲುವುದು, ಪಾತ್ರೆ ತೊಳೆಯುವುದು, ಸಿಕ್ಕ ಹೊತ್ತಿನಲ್ಲಿ ಮಲಗುವುದು. ಇದಕ್ಕೆ ತೋಳ್ಬಲ ಅಷ್ಟೇನೂ ಬೇಡ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವ ಅಭ್ಯಾಸ ಬೇಕು.

ಈ ಬರಹಕ್ಕೆ ಒಂದು ಹಡಗನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನಾರ್ವೆಯ ಬರ್ಗೆನ್ ಬಂದರಿನ ಸ್ಟಾಟ್ಸ್‌ರಾಡ್ ಲೆಮ್‌ಕೂಲ್. 1914ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು, ಆಗಲೂ ತರಬೇತಿ ಹಡಗೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರ ಕೈ ಸೇರಿ, 1921ರಲ್ಲಿ ನಾರ್ವೆಗೆ ಬಂತು. ಅದನ್ನು ತರಿಸಲು ಮುಂದಾದ ಮಾಜಿ ಸಚಿವ ಲೆಮ್‌ಕೂಲ್ ಅವರ ಹೆಸರನ್ನೇ ಇಟ್ಟರು. ಉಕ್ಕಿನ ಒಡಲು, ಮೂರು ಮಾಸ್ಟ್ (ಹಾಯಿಗಳನ್ನು ಹೊರುವ ಎತ್ತರದ ಕಂಬ), 98 ಮೀಟರ್ ಉದ್ದ, 22 ಹಾಯಿಗಳು. ಸಮುದ್ರ ಕಂಡರಿಯದವರನ್ನೂ ಹತ್ತಿಸಿಕೊಂಡು ಕೆಲಸಕ್ಕೆ ಹಚ್ಚುವ ಹಡಗು ಇದು.

1. ಯಾವ ಹಡಗು, ಯಾವ ಪಾತ್ರ

ಈ ಹಡಗುಗಳಿಗೆ ಮೂರು ದಾರಿಯಲ್ಲಿ ಹೋಗಬಹುದು. ಒಂದು, ಹಣ ಕೊಟ್ಟು ತರಬೇತಿ ಸಿಬ್ಬಂದಿಯಾಗಿ. ಎರಡು, ಸ್ವಯಂಸೇವಕರಾಗಿ. ಊಟ, ಮಲಗಲು ಜಾಗ ಸಿಗುತ್ತದೆ, ಸಂಬಳ ಇರುವುದಿಲ್ಲ. ಮೂರು, ಸಂಬಳದ ನಾವಿಕರಾಗಿ. ಮೊದಲ ಸಲ ಹೋಗುವವರಿಗೆ ಮೊದಲನೆಯದೇ ಸರಿ. "ದುಡ್ಡು ಕೊಟ್ಟು ಯಾಕೆ ದುಡಿಯಬೇಕು?" ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಇಷ್ಟು ಹಳೆಯ ಹಡಗನ್ನು ನೀರಿನ ಮೇಲೆ ಇಟ್ಟುಕೊಳ್ಳುವುದಕ್ಕೆ ವಿಪರೀತ ಖರ್ಚು. ಅದರಲ್ಲಿ ಒಂದು ಪಾಲು ನಿಮ್ಮ ಶುಲ್ಕದಿಂದ ಬರುತ್ತದೆ, ಅಷ್ಟೇ.

ನಾರ್ವೆಯಲ್ಲೇ ಸೋರ್ಲಾಂಡೆಟ್, ಕ್ರಿಶ್ಚಿಯನ್ ರಾಡಿಚ್ ಇವೆ. ನೆದರ್‌ಲ್ಯಾಂಡ್ಸ್‌ನ ಯುರೋಪಾ ಅರ್ಜೆಂಟೀನಾದ ಉಶುವಾಯಾದಿಂದ ಅಂಟಾರ್ಕ್ಟಿಕಾಗೆ ಹೋಗಿಬರುತ್ತದೆ. ಅದು ಜೇಬಿಗೆ ಭಾರಿ. ಸ್ವೀಡನ್ನಿನ ಗೊಥೆಬೊರ್ಗ್, ಹದಿನೆಂಟನೇ ಶತಮಾನದ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿ ಹಡಗಿನ ಮರದ ಪ್ರತಿರೂಪ. 15ರಿಂದ 25 ವಯಸ್ಸಿನೊಳಗಿನವರು ಟಾಲ್ ಶಿಪ್ಸ್ ರೇಸ್‌ಗಳ ಕಡೆ ನೋಡಿ. 1956ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ಪ್ರತಿ ಹಡಗಿನ ಸಿಬ್ಬಂದಿಯಲ್ಲಿ ಅರ್ಧದಷ್ಟಾದರೂ ಆ ವಯಸ್ಸಿನವರು ಇರಲೇಬೇಕು. ಹಾಗಾಗಿ ಎಳೆಯರಿಗೆ ಜಾಗ ಸಿಗುವುದು ಸುಲಭ.

ನಮ್ಮ ದೇಶದಲ್ಲಿ? ಕೊಚ್ಚಿಯಲ್ಲಿ ನೌಕಾಪಡೆಯ ತರಂಗಿಣಿ, ಸುದರ್ಶಿನಿ ಇವೆ. ಎರಡನ್ನೂ ಕಟ್ಟಿದ್ದು ಗೋವಾ ಶಿಪ್‌ಯಾರ್ಡ್. ತರಂಗಿಣಿ 1997ರಲ್ಲಿ ಸೇವೆಗೆ ಸೇರಿ, 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಆದರೆ ಅವು ನೌಕಾಪಡೆಯ ಕೆಡೆಟ್‌ಗಳಿಗೆ. ಟಿಕೆಟ್ ತೆಗೆದುಕೊಂಡು ಹೋಗುವಂಥವಲ್ಲ. ಕಾಲೇಜಿನಲ್ಲಿರುವವರಿಗೆ ನೇವಲ್ ಎನ್‌ಸಿಸಿ ಇದೆ. ಮಂಗಳೂರು, ಉಡುಪಿ ಕಡೆಯವರಿಗೆ ಅದು ಹತ್ತಿರದ ಬಾಗಿಲು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಬಗ್ಗೆ ಓದಿರುತ್ತೀರಿ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು. ಅದರಲ್ಲೂ ನೌಕಾಪಡೆಯವರದೇ ತಂಡ.

ಹಡಗು ಹತ್ತುವ ಮೊದಲು ಊರಲ್ಲೇ ಒಂದಿಷ್ಟು ದಿನ ಸಣ್ಣ ಹಾಯಿದೋಣಿ ನಡೆಸಿ ನೋಡಿ. ಮೈಸೂರಿನ ಹತ್ತಿರ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಲಿಯಬಹುದು, ಚೆನ್ನೈನಲ್ಲಿ ಕ್ಲಬ್ ಇದೆ. ಕಡ್ಡಾಯವೇನಲ್ಲ. ಆದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಕೆನ್ನೆಯಲ್ಲೇ ತಿಳಿಯುವ ಅಭ್ಯಾಸ ಸಣ್ಣ ದೋಣಿಯಲ್ಲಿ ಬೇಗ ಬರುತ್ತದೆ.

2. ಕಾಗದಪತ್ರ: ವೀಸಾ ಎಡವುವ ಜಾಗ

ಭಾರತದ ಪಾಸ್‌ಪೋರ್ಟ್ ಇರುವವರು ಇದನ್ನು ನಿಧಾನವಾಗಿ ಓದಿ. ಬರ್ಗೆನ್‌ನಿಂದ ಶೆಟ್‌ಲ್ಯಾಂಡ್‌ನ ಲರ್ವಿಕ್‌ಗೆ ಹೋಗಿ ಮತ್ತೆ ಬರ್ಗೆನ್‌ಗೆ ಬರುವ ಪ್ರಯಾಣ ಅಂದುಕೊಳ್ಳಿ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಶೆಟ್‌ಲ್ಯಾಂಡ್ ಬ್ರಿಟನ್‌ಗೆ ಸೇರಿದ್ದು. ಅಂದರೆ ನಿಮಗೆ ಷೆಂಗೆನ್ ವೀಸಾ ಬೇಕು, ಬ್ರಿಟನ್ ವೀಸಾನೂ ಬೇಕು. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಲರ್ವಿಕ್‌ನಿಂದ ವಾಪಸ್ ಬರುವಾಗ ಬಾಗಿಲು ಮುಚ್ಚಿರುತ್ತದೆ. ಹಲವು ಪ್ರವೇಶದ್ದೇ ಕೇಳಿ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಕೆಲಸದಲ್ಲಿರುವ ಕನ್ನಡಿಗರು "ನಮ್ಮ ಹತ್ರ ರೆಸಿಡೆನ್ಸ್ ಪರ್ಮಿಟ್ ಇದೆಯಲ್ಲ" ಅಂತ ಸುಮ್ನೆ ಕೂರಬೇಡಿ. ಅದು ನಾರ್ವೆಗೆ ಸಾಕು, ಬ್ರಿಟನ್‌ಗೆ ಸಾಲದು.

ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದಲೇ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ವಿಮೆ ಮಾಡಿಸುವಾಗ "ಹಾಯಿಹಡಗಿನಲ್ಲಿ ಕೆಲಸ, ಎತ್ತರ ಹತ್ತುವುದು" ಇವಕ್ಕೆ ಪರಿಹಾರ ಸಿಗುತ್ತದೋ ಇಲ್ಲವೋ ಅಂತ ಬರವಣಿಗೆಯಲ್ಲಿ ಕೇಳಿ. ಸಾಹಸ ಚಟುವಟಿಕೆ ಅಂತ ಹೊರಗಿಡುವ ಪಾಲಿಸಿಗಳು ಇವೆ.

ಹಡಗಿನವರು ಆರೋಗ್ಯದ ಫಾರಂ ಕಳಿಸುತ್ತಾರೆ. ಅದರಲ್ಲಿ ಏನನ್ನೂ ಮುಚ್ಚಿಡಬೇಡಿ. ಬಿಪಿ ಮಾತ್ರೆ, ಆಸ್ತಮಾ, ಹಳೆಯ ಬೆನ್ನುನೋವು, ಮೂರ್ಛೆರೋಗ ಎಲ್ಲ ಬರೆಯಿರಿ. ನಡುಸಮುದ್ರದಲ್ಲಿ ಆಂಬ್ಯುಲೆನ್ಸ್ ಬರುವುದಿಲ್ಲ. ಸಸ್ಯಾಹಾರಿಗಳಾದರೆ ಅದೇ ಫಾರಂನಲ್ಲಿ "ಮೊಟ್ಟೆ ತಿನ್ನುತ್ತೇನೆ" ಅಥವಾ "ಮೀನೂ ಬೇಡ" ಅಂತ ಬಿಡಿಸಿ ಬರೆಯಿರಿ. ಬರೀ ಸಸ್ಯಾಹಾರಿ ಅಂದರೆ ಮೀನು ತಿನ್ನುತ್ತಾರೆ ಅಂದುಕೊಳ್ಳುವವರು ಇದ್ದಾರೆ.

3. ಚೀಲಕ್ಕೆ ಏನು ಹಾಕಬೇಕು

ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ. ಅದನ್ನು ಇಡಲು ಜಾಗ ಇರುವುದಿಲ್ಲ. ಮಡಚಬಹುದಾದ ಬಟ್ಟೆಚೀಲ ತನ್ನಿ. ಉತ್ತರ ಸಮುದ್ರದಲ್ಲಿ ಜುಲೈ ತಿಂಗಳ ರಾತ್ರಿಯೂ ಚಳಿಯೇ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಗೆ ಅಂಟಿ ಇನ್ನಷ್ಟು ಚಳಿ ಹಿಡಿಸುತ್ತದೆ. ಉಣ್ಣೆಯ ಒಳಬನಿಯನ್, ಅದರ ಮೇಲೆ ಫ್ಲೀಸ್, ಮೇಲೊಂದು ಗಟ್ಟಿ ಮಳೆಕೋಟು ಮತ್ತು ಮಳೆಪ್ಯಾಂಟು. ಡೆಕ್ ಮೇಲೆ ಜಾರದ, ಹಿಮ್ಮಡಿ ಮುಚ್ಚುವ ಶೂ. ಕೆಂಪು ಬೆಳಕಿನ ತಲೆದೀಪ, ಕನ್ನಡಕಕ್ಕೆ ದಾರ, ಕಿವಿಗೆ ಇಯರ್‌ಪ್ಲಗ್. ಸ್ಲೀಪಿಂಗ್ ಬ್ಯಾಗ್ ಅವರೇ ಕೊಡುತ್ತಾರೋ ಅಂತ ಕೇಳಿಕೊಳ್ಳಿ. ಹಳೆಯ ಬಟ್ಟೆಗಳನ್ನೇ ತನ್ನಿ. ಹಗ್ಗಗಳಿಗೆ ಹಚ್ಚುವ ಟಾರು ಅಂಟಿದರೆ ಹೋಗುವುದಿಲ್ಲ.

ಉಂಗುರ, ಬಳೆ, ಸರ ಮನೆಯಲ್ಲೇ ಬಿಡಿ. ಇದು ಚೆಂದದ ಪ್ರಶ್ನೆಯಲ್ಲ. ಓಡುವ ಹಗ್ಗಕ್ಕೆ ಉಂಗುರ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಮಂಗಳಸೂತ್ರ, ಜನಿವಾರ ತೆಗೆಯಲು ಮನಸ್ಸಿಲ್ಲದವರು ಬಟ್ಟೆಯೊಳಗೆ ಬಿಗಿಯಾಗಿ ಸೇರಿಸಿ, ಪಾಳಿಯ ಮುಖ್ಯಸ್ಥರಿಗೆ ಮೊದಲೇ ತಿಳಿಸಿ. ಉದ್ದ ಕೂದಲು ಬಿಗಿಯಾಗಿ ಕಟ್ಟಬೇಕು, ಗಂಡಸರಾದರೂ ಸರಿ.

ಒಂದು ಡಬ್ಬಿ ಚಟ್ನಿಪುಡಿ ಒಯ್ಯಿರಿ. ಆಲೂಗಡ್ಡೆ, ಬ್ರೆಡ್ಡು, ಸೂಪಿನ ಮೂರನೇ ದಿನ ಅದರ ಬೆಲೆ ಗೊತ್ತಾಗುತ್ತದೆ. ನಾರ್ವೆಯವರೂ ಕೇಳಿ ಹಾಕಿಸಿಕೊಳ್ಳುತ್ತಾರೆ.

4. ಹತ್ತಿದ ಮೊದಲ ದಿನ

ಮೊದಲ ಕೆಲಸ, ಲೈಫ್‌ಜಾಕೆಟ್ ಎಲ್ಲಿದೆ, ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು ಅನ್ನುವುದನ್ನು ಕಾಲಲ್ಲಿ ನಡೆದು ನೋಡಿಕೊಳ್ಳುವುದು. ಮಲಗುವ ಜಾಗದಿಂದ ಡೆಕ್‌ಗೆ ಬರುವ ಎರಡು ದಾರಿ ಗೊತ್ತಿರಲಿ. ಕಣ್ಣು ಮುಚ್ಚಿಕೊಂಡು ಒಮ್ಮೆ ನಡೆಯಿರಿ.

ಸ್ಟಾಟ್ಸ್‌ರಾಡ್ ಲೆಮ್‌ಕೂಲ್‌ನಲ್ಲಿ ತರಬೇತಿಯವರೆಲ್ಲ ಒಂದೇ ದೊಡ್ಡ ಹಜಾರದಲ್ಲಿ ಹ್ಯಾಮಕ್ (ಎರಡು ತುದಿಗೆ ಕಟ್ಟಿ ತೂಗುಬಿಡುವ ಬಟ್ಟೆಹಾಸಿಗೆ) ಕಟ್ಟಿ ಮಲಗುತ್ತಾರೆ. ಊಟವೂ ಅಲ್ಲೇ, ಪಾಠವೂ ಅಲ್ಲೇ. ಹ್ಯಾಮಕ್‌ನಲ್ಲಿ ನೆಟ್ಟಗೆ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ. ಸ್ವಲ್ಪ ಓರೆಯಾಗಿ, ತಲೆ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ ಬರುವಂತೆ ಮಲಗಿ. ಹಡಗು ಹೊಯ್ದಾಡಿದಾಗ ಮಂಚದಲ್ಲಿರುವವರು ಉರುಳುತ್ತಾರೆ, ಹ್ಯಾಮಕ್ಕಿನವರು ತೂಗುತ್ತಾರೆ.

ಯಾರಾದರೂ ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ನೋಡಿದವರು ಕೂಗಬೇಕು, ಬಳಿಯಿದ್ದ ತೇಲುಬಳೆ ಎಸೆಯಬೇಕು. ಆಮೇಲೆ ಬಿದ್ದವರ ಕಡೆ ಕೈಚಾಚಿ ತೋರಿಸುತ್ತಲೇ ಇರಬೇಕು. ಬೇರೆ ಯಾವ ಕೆಲಸಕ್ಕೂ ಕಣ್ಣು ತಿರುಗಿಸಬಾರದು. ಅಲೆಗಳ ನಡುವೆ ಮನುಷ್ಯನ ತಲೆ ಒಮ್ಮೆ ಕಣ್ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಅಷ್ಟು ದೊಡ್ಡ ಹಡಗನ್ನು ನಿಲ್ಲಿಸಿ ತಿರುಗಿಸುವುದಕ್ಕೆ ಹೊತ್ತು ಹಿಡಿಯುತ್ತದೆ.

5. ಪಾಳಿ

ತರಬೇತಿಯವರನ್ನು ಮೂರು ಪಾಳಿ ಮಾಡುತ್ತಾರೆ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹನ್ನೆರಡು. ಹಗಲಿಗೊಂದು, ರಾತ್ರಿಗೊಂದು. ಆಯ್ಕೆ ಕೊಟ್ಟರೆ ನಾನು ನಾಲ್ಕರಿಂದ ಎಂಟನ್ನೇ ಕೇಳುತ್ತೇನೆ. ಉತ್ತರದ ನಡುಬೇಸಿಗೆ ಬಿಟ್ಟರೆ, ಸೂರ್ಯ ಹುಟ್ಟುವುದೂ ಸಿಗುತ್ತದೆ, ಮುಳುಗುವುದೂ ಸಿಗುತ್ತದೆ. ಹನ್ನೆರಡರಿಂದ ನಾಲ್ಕು ನಿದ್ದೆಯನ್ನು ಎರಡು ತುಂಡು ಮಾಡುತ್ತದೆ.

ಎಂಟು ಗಂಟೆ ಬಿಡುವು ಅಂದರೆ ಎಂಟು ಗಂಟೆ ನಿದ್ದೆಯಲ್ಲ. ಊಟ, ಸ್ನಾನ, ಸ್ವಚ್ಛತೆ ಅದರಲ್ಲೇ ಆಗಬೇಕು. ಹಾಯಿ ಬದಲಿಸಲು ಎಲ್ಲರನ್ನೂ ಕರೆದರೆ ಅದೂ ಅದರಲ್ಲೇ. ಮೊದಲ ಎರಡು ದಿನ ಹುರುಪಿನಲ್ಲಿ ಮಲಗದೆ ಹರಟುವವರು ಮೂರನೇ ದಿನ ನೆಲ ಹಿಡಿಯುತ್ತಾರೆ. ಪಾಳಿ ಮುಗಿದ ಕೂಡಲೇ ಮಲಗಿ. ಪಾಳಿಗೆ ಹತ್ತು ನಿಮಿಷ ಮುಂಚೆ ಬಟ್ಟೆ ಹಾಕಿಕೊಂಡು ಡೆಕ್ ಮೇಲೆ ಇರಿ. ಐದು ನಿಮಿಷ ತಡ ಮಾಡಿದರೆ ಮೇಲೆ ನಡುಗುತ್ತಾ ನಿಂತವರ ನಿದ್ದೆಯಲ್ಲಿ ಐದು ನಿಮಿಷ ಕದ್ದಂತೆ. ಹಡಗಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಪಾಳಿಯೊಳಗೆ ಸರದಿಯಂತೆ ಕೆಲಸ ಬದಲಾಗುತ್ತದೆ.

ಚುಕ್ಕಾಣಿ. ಅಧಿಕಾರಿ ಮೂರು ಅಂಕಿಯ ದಿಕ್ಕು ಹೇಳುತ್ತಾರೆ, "ಎರಡು ಏಳು ಸೊನ್ನೆ" ಅಂತ. ಅದನ್ನು ಜೋರಾಗಿ ತಿರುಗಿ ಹೇಳಿ. ಹಡಗು ಭಾರಿ, ಚಕ್ರ ತಿರುಗಿಸಿದ ಕೂಡಲೇ ತಿರುಗುವುದಿಲ್ಲ. ತಿರುಗಲಿಲ್ಲ ಅಂತ ಇನ್ನಷ್ಟು ತಿರುಗಿಸಿದರೆ ಆಮೇಲೆ ಹತ್ತು ಡಿಗ್ರಿ ಆಚೆ ಹೋಗಿಬಿಡುತ್ತದೆ. ಸ್ವಲ್ಪ ತಿರುಗಿಸಿ, ಕಾಯಿರಿ, ಹಡಗು ತಿರುಗಲು ಶುರುಮಾಡಿದಾಗಲೇ ಚಕ್ರವನ್ನು ವಾಪಸ್ ತನ್ನಿ. ಕಂಪಾಸನ್ನೇ ದಿಟ್ಟಿಸಬೇಡಿ. ಮುಂದೆ ಒಂದು ಮೋಡವನ್ನೋ ನಕ್ಷತ್ರವನ್ನೋ ಗುರುತು ಮಾಡಿ, ಆಗಾಗ ಕಂಪಾಸ್ ನೋಡಿ.

ಮುಂಗಾವಲು. ಹಡಗಿನ ಮೂತಿಯಲ್ಲಿ ನಿಂತು ಕಂಡದ್ದನ್ನು ವರದಿ ಮಾಡುವುದು. ಕೆಲವು ಹಡಗುಗಳಲ್ಲಿ ಇದಕ್ಕೆ ಗಂಟೆ ಬಾರಿಸುತ್ತಾರೆ. ಬಲಕ್ಕೆ ಕಂಡರೆ ಒಂದು, ಎಡಕ್ಕೆ ಎರಡು, ನೇರ ಎದುರಿಗೆ ಮೂರು. ರಾತ್ರಿ ಎದುರಿನ ಹಡಗಿನ ಕೆಂಪು ದೀಪ ಕಂಡರೆ ಅದರ ಎಡಬದಿ ನಿಮಗೆ ಕಾಣುತ್ತಿದೆ, ಹಸಿರು ಕಂಡರೆ ಬಲಬದಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಒಮ್ಮೆ ಮೊಬೈಲ್ ತೆರೆದರೆ ಅದೆಲ್ಲ ಹೋಯ್ತು. "ಇದನ್ನೂ ಹೇಳಬೇಕಾ?" ಅನ್ನಿಸಿದ್ದನ್ನೂ ಹೇಳಿ. ತೇಲುವ ದಿಮ್ಮಿ, ಮೀನುಬಲೆಯ ತೇಲುಗುರುತು, ಎಲ್ಲವನ್ನೂ.

ಹಿಂಗಾವಲು ಹಡಗಿನ ಹಿಂತುದಿಯಲ್ಲಿ, ಯಾರಾದರೂ ಬಿದ್ದರೆ ತೇಲುಬಳೆ ಎಸೆಯುವುದಕ್ಕೆ. ಬೆಂಕಿಗಾವಲಿನವರು ಕೆಳಗೆ ಸುತ್ತು ಹಾಕುತ್ತಾ ಹೊಗೆ, ಸುಟ್ಟ ವಾಸನೆ, ನೀರು ಸೋರುವುದನ್ನು ನೋಡುತ್ತಾರೆ. ಬೇಸರದ ಕೆಲಸ. ಆದರೆ ಉಳಿದವರೆಲ್ಲ ನಿಶ್ಚಿಂತೆಯಿಂದ ಮಲಗುವುದು ಇದರಿಂದಲೇ.

6. ಹಗ್ಗ: ಇಲ್ಲಿ ಅವಸರ ಬೇಡ

ಇಂಥ ಹಡಗಿನಲ್ಲಿ ನೂರಾರು ಹಗ್ಗ. ಮೊದಲ ದಿನ ನೋಡಿದರೆ ತಲೆ ಸುತ್ತುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗಬೇಡಿ. ಒಂದು ಚೌಕ ಹಾಯಿಯನ್ನು ಹಿಡಿದುಕೊಳ್ಳಿ. ಅದು ಯಾರ್ಡ್ ಅನ್ನುವ ಅಡ್ಡಮರಕ್ಕೆ ತೂಗುತ್ತದೆ. ಕೆಳಮೂಲೆಗಳನ್ನು ಕೆಳಕ್ಕೆ ಎಳೆದು ಹಾಯಿ ಹರಡುವ ಹಗ್ಗಗಳು ಶೀಟ್. ಅದೇ ಮೂಲೆಗಳನ್ನು ಮೇಲಕ್ಕೆ ಎಳೆಯುವವು ಕ್ಲೂಲೈನ್. ಹಾಯಿಯ ಹೊಟ್ಟೆಯನ್ನು ಮೇಲೆತ್ತುವವು ಬಂಟ್‌ಲೈನ್. ಅಡ್ಡಮರವನ್ನು ಎಡಬಲಕ್ಕೆ ತಿರುಗಿಸುವವು ಬ್ರೇಸ್. ಇಷ್ಟು ತಿಳಿದರೆ ಮಿಕ್ಕ ಚೌಕ ಹಾಯಿಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಎಡಕ್ಕೆ ಇದ್ದಂತೆ ಬಲಕ್ಕೂ ಇರುತ್ತದೆ. ಒಂದು ಮಾಸ್ಟ್‌ನ ಒಂದು ಬದಿಯನ್ನು ಬಿಡುವಿನಲ್ಲಿ ಮುಟ್ಟಿ ಮುಟ್ಟಿ ಕಲಿಯಿರಿ, ಯಾಕೆಂದರೆ ರಾತ್ರಿ ಕೈಯೇ ಕಣ್ಣು.

ಹಗ್ಗ ಕಟ್ಟುವುದು ಬಿಲೇಯಿಂಗ್ ಪಿನ್‌ಗೆ. ಇದು ಹಡಗಿನ ಅಂಚಿನ ಹಲಗೆಯ ತೂತಿನಲ್ಲಿ ನಿಲ್ಲಿಸಿದ ಗೂಟ. ಮೇಲಿನಿಂದ ಬಂದ ಹಗ್ಗವನ್ನು ಮೊದಲು ಪಿನ್ನಿನ ಕೆಳತುದಿಯ ಸುತ್ತ ತನ್ನಿ. ಆಮೇಲೆ ಮೇಲೆ, ಕೆಳಗೆ, ಇಂಗ್ಲಿಷ್ ಎಂಟಿನ ಆಕಾರದಲ್ಲಿ ಮೂರು ಸುತ್ತು. ಅಷ್ಟೇ. ಮೇಲೆ ಬಿಗಿಗಂಟು ಹಾಕಬೇಡಿ. ಅವಸರದಲ್ಲಿ ಬಿಚ್ಚಬೇಕಾದಾಗ ಅದೇ ಪ್ರಾಣಕ್ಕೆ ಬರುತ್ತದೆ. ಉಳಿದ ಹಗ್ಗವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ ಪಿನ್ನಿಗೆ ತೂಗುಹಾಕಿ. ಸುತ್ತುವಾಗ ಪಿನ್ನಿನ ಕಡೆಯಿಂದ ಶುರುಮಾಡಿ, ಹಗ್ಗದ ತುದಿ ಕೊನೆಗೆ ಬರಲಿ. ತುದಿಯಿಂದ ಶುರುಮಾಡಿದರೆ ತಿರುಚೆಲ್ಲ ಪಿನ್ನಿನ ಬಳಿ ಸೇರಿ ಗೋಜಲಾಗುತ್ತದೆ.

ಬಿಚ್ಚುವುದು ಕಟ್ಟುವುದಕ್ಕಿಂತ ಅಪಾಯದ್ದು. ಮೊದಲು ತಲೆ ಎತ್ತಿ, ಈ ಹಗ್ಗ ಎಲ್ಲಿಗೆ ಹೋಗಿದೆ, ಅದರ ಆ ತುದಿಯಲ್ಲಿ ಯಾರಾದರೂ ಇದ್ದಾರಾ ಅಂತ ನೋಡಿ. ಎಂಟಿನ ಸುತ್ತುಗಳನ್ನು ಒಂದೊಂದಾಗಿ ತೆಗೆಯಿರಿ, ಕೊನೆಯ ಸುತ್ತು ಪಿನ್ನಿನ ಮೇಲೆ ಇರಲಿ. ಭಾರ ತಡೆಯುವುದು ನಿಮ್ಮ ಕೈಯಲ್ಲ, ಆ ಸುತ್ತಿನ ಉಜ್ಜುವಿಕೆ. ಬೆರಳುಗಳು ಪಿನ್ನಿನಿಂದ ಒಂದು ಗೇಣು ದೂರ ಇರಬೇಕು. ಹಗ್ಗ ಜಾರಿ ಓಡಲು ಶುರುವಾದರೆ ಬಿಟ್ಟುಬಿಡಿ, ಹಿಡಿಯಲು ಹೋದರೆ ಅಂಗೈ ಚರ್ಮ ಸುಲಿಯುತ್ತದೆ. ಬಿಟ್ಟು, ಜೋರಾಗಿ ಕೂಗಿ. ನೆಲದ ಮೇಲೆ ಬಿದ್ದ ಹಗ್ಗದ ಸುತ್ತಿನೊಳಗೆ ಕಾಲು ಇಡಲೇಬಾರದು.

ಎಳೆಯುವಾಗ ಹತ್ತಾರು ಜನ ಸಾಲಾಗಿ ನಿಲ್ಲುತ್ತಾರೆ. ಒಬ್ಬರ ಕೂಗಿಗೆ ಎಲ್ಲರೂ ಒಟ್ಟಿಗೆ ಮೈಭಾರ ಹಾಕಿ ಎಳೆಯಬೇಕು. ತೋಳಿನಿಂದ ಎಳೆದರೆ ಬೇಗ ಸುಸ್ತಾಗುತ್ತದೆ, ಕಾಲೂರಿ ಹಿಂದಕ್ಕೆ ವಾಲಿ. "ನಿಲ್ಲಿ" ಅಂದರೆ ಹಿಡಿದು ನಿಲ್ಲಿ. ಪಿನ್ನಿನ ಬಳಿ ಇದ್ದವರು ಕಟ್ಟಿ, ಬಿಡಬಹುದು ಅಂತ ಆಜ್ಞೆ ಬರುವವರೆಗೆ ಯಾರೂ ಬಿಡಬಾರದು. ಬ್ರೇಸ್ ಎಳೆಯುವಾಗ ಆಚೆ ಬದಿಯವರು ಅಷ್ಟೇ ಅಳತೆಯಲ್ಲಿ ಸಡಿಲ ಬಿಡುತ್ತಿರುತ್ತಾರೆ. ಅವರು ನಿಮಗೆ ಕಾಣುವುದಿಲ್ಲ. ಹಾಗಾಗಿಯೇ ಡೆಕ್ ಮೇಲೆ ಹರಟೆ ಬೇಡ ಅನ್ನುವುದು, ಆಜ್ಞೆ ಕಿವಿಗೆ ಬೀಳಬೇಕಲ್ವಾ?

ಮನೆಯಲ್ಲೇ ಕಲಿಯಬಹುದಾದ ಗಂಟುಗಳು: ಬೋಲೈನ್, ಕ್ಲೋವ್ ಹಿಚ್, ಎಂಟರ ಗಂಟು, ಒಂದು ಸುತ್ತು ಎರಡು ಅರೆಗಂಟು. ಬೆನ್ನ ಹಿಂದೆ ಕೈಯಿಟ್ಟು ಕಟ್ಟಲು ಬಂದರೆ ಸಾಕು.

7. ಮೇಲೆ ಹತ್ತುವುದು

ಮನಸ್ಸಿದ್ದರೆ ಹತ್ತಿ, ಇಲ್ಲದಿದ್ದರೆ ಇಲ್ಲ. ಯಾರೂ ಹೀಯಾಳಿಸುವುದಿಲ್ಲ. ಜೇಬು ಪೂರ್ತಿ ಖಾಲಿ ಮಾಡಿ. ಮೇಲಿನಿಂದ ಬೀಳುವ ಫೋನು ಕೆಳಗಿದ್ದವರ ತಲೆ ಒಡೆಯಬಲ್ಲದು. ಚಾಕು ಒಯ್ದರೆ ದಾರ ಕಟ್ಟಿ ಒಯ್ಯಿರಿ. ಬೀಳದಂತೆ ಮೈಗೆ ಬಿಗಿಯುವ ಪಟ್ಟಿಯಾದ ಹಾರ್ನೆಸ್ ಅನ್ನು ಇನ್ನೊಬ್ಬರಿಂದ ನೋಡಿಸಿ.

ಯಾವಾಗಲೂ ಗಾಳಿ ಬರುವ ಬದಿಯಿಂದ ಹತ್ತಬೇಕು. ಗಾಳಿ ನಿಮ್ಮನ್ನು ಏಣಿಗೇ ಒತ್ತುತ್ತದೆ. ಕೈಗಳು ನೆಟ್ಟಗಿನ ದಪ್ಪ ತಂತಿಗಳ ಮೇಲೆ, ಕಾಲುಗಳು ಅಡ್ಡ ಮೆಟ್ಟಿಲ ಮೇಲೆ. ಅಡ್ಡದ್ದು ಸವೆದು ತುಂಡಾಗಬಹುದು, ನೆಟ್ಟಗಿನದು ಹಾಗಲ್ಲ. ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಹಿಡಿದೇ ಇರಲಿ. ಮೊದಲ ಅಟ್ಟಣಿಗೆಯ ಕೆಳಗೆ ಏಣಿ ಹೊರಕ್ಕೆ ಬಾಗಿ, ನೀವು ಹಿಂದಕ್ಕೆ ತೂಗಿದಂತೆ ಹತ್ತಬೇಕಾದ ಜಾಗ ಬರುತ್ತದೆ. ಭಯ ಹುಟ್ಟುವುದು ಅಲ್ಲೇ. ಅಲ್ಲಿ ನಿಲ್ಲಬೇಡಿ, ನಿಂತರೆ ತೋಳು ಸೋಲುತ್ತದೆ. ಸಂಶಯ ಇದ್ದರೆ ಅದಕ್ಕೆ ಮುಂಚೆಯೇ ಇಳಿದುಬಿಡಿ.

ಅಡ್ಡಮರದ ಕೆಳಗೆ ಕಾಲಿಡಲು ಒಂದು ತಂತಿ ಇರುತ್ತದೆ. ಅದರ ಮೇಲೆ ಕಾಲಿಡುವ ಮೊದಲು "ಬರುತ್ತಿದ್ದೇನೆ" ಅಂತ ಕೂಗಿ, ಆಗಲೇ ನಿಂತವರು "ಸರಿ" ಅನ್ನುವವರೆಗೆ ಕಾಯಿರಿ. ಇಲ್ಲದಿದ್ದರೆ ನಿಮ್ಮ ಭಾರಕ್ಕೆ ತಂತಿ ಕುಸಿದು ಅವರು ಮೇಲೆದ್ದು ಹಾರುತ್ತಾರೆ. ಹಾರ್ನೆಸ್ಸಿನ ಕ್ಲಿಪ್ ಹಾಕಿ, ಹೊಟ್ಟೆಯನ್ನು ಮರದ ಮೇಲೆ ಒರಗಿಸಿ, ಕಾಲು ಹಿಂದಕ್ಕೆ ತಳ್ಳಿ ನಿಲ್ಲಿ. ಈಗ ಎರಡೂ ಕೈ ಬಿಡುವಾಗುತ್ತವೆ. ಹಾಯಿಯನ್ನು ಮಡಿಕೆ ಮಡಿಕೆಯಾಗಿ ಎಳೆದು ಮರದ ಮೇಲೆ ಒತ್ತಿ ಗ್ಯಾಸ್ಕೆಟ್ ಅನ್ನುವ ಹಗ್ಗದಿಂದ ಸುತ್ತಿ ಕಟ್ಟುವುದು. ಎಲ್ಲರೂ ಒಂದೇ ಸಲಕ್ಕೆ ಎಳೆಯಬೇಕು, ಇಲ್ಲದಿದ್ದರೆ ಗಾಳಿ ಒಬ್ಬೊಬ್ಬರ ಕೈಯಿಂದ ಕಿತ್ತುಕೊಳ್ಳುತ್ತದೆ.

8. ವಾಂತಿ

ಬರುತ್ತದೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಮೈ ಹೊಂದಿಕೊಳ್ಳುತ್ತದೆ. ಅವೊಮಿನ್‌ನಂಥ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಈ ಮಾತ್ರೆಗಳು ತೂಕಡಿಕೆ ತರುತ್ತವೆ. ತೆಗೆದುಕೊಂಡ ದಿನ ಮೇಲೆ ಹತ್ತಬೇಡಿ.

ಕೆಳಗೆ ಮಲಗಿ ನರಳುವುದಕ್ಕಿಂತ ಡೆಕ್ ಮೇಲೆ ಬಂದು ದೂರದ ಸಮುದ್ರದಂಚು ನೋಡುವುದು ಮೇಲು. ಚುಕ್ಕಾಣಿ ಕೊಟ್ಟರೆ ಇನ್ನೂ ಒಳ್ಳೆಯದು, ಎಷ್ಟೋ ಜನಕ್ಕೆ ಅಲ್ಲಿ ನಿಂತಾಗಲೇ ಹೊಟ್ಟೆ ತಣ್ಣಗಾಗುತ್ತದೆ. ಒಣ ಬಿಸ್ಕತ್ತು, ಶುಂಠಿ, ಗುಟುಕು ಗುಟುಕು ನೀರು. ವಾಂತಿ ಮಾಡುವುದು ಗಾಳಿ ಹೋಗುವ ಬದಿಯಲ್ಲಿ. ಕತ್ತಲಲ್ಲಿ ಒಬ್ಬರೇ ಅಂಚಿಗೆ ಹೋಗಬೇಡಿ. ಜೊತೆಗೊಬ್ಬರನ್ನು ಕರೆಯಿರಿ ಅಥವಾ ಬಕೆಟ್ ಕೇಳಿ. ಬಕೆಟ್ ಹಿಡಿಯುವುದರಲ್ಲಿ ನಾಚಿಕೆಯೇನಿಲ್ಲ.

9. ಮುಂದಕ್ಕೂ ಇದೇ ಕೆಲಸ ಬೇಕು ಅನ್ನಿಸಿದರೆ

ಇಳಿಯುವ ಮುನ್ನ, ಹಡಗಿನ ಹೆಸರು, ದಿನಾಂಕ, ಸಾಗಿದ ದೂರ, ನೀವು ಮಾಡಿದ ಕೆಲಸ ಬರೆದು ಕ್ಯಾಪ್ಟನ್ ಸಹಿ ಮತ್ತು ಮುದ್ರೆ ಹಾಕಿದ ಪತ್ರ ತೆಗೆದುಕೊಳ್ಳಿ. ಮುಂದಿನ ಹಡಗಿನವರು ಮೊದಲು ಕೇಳುವುದು ಅದನ್ನೇ. ಡೆಕ್ ಕೆಲಸ, ಹಗ್ಗ-ಹಾಯಿಗಳ ಉಸ್ತುವಾರಿ ನೋಡುವ ಬೋಸನ್ ಜೊತೆಗೂ ಮಾತಾಡಿ. ತುಕ್ಕು ಕೆರೆಯಲು, ಟಾರು ಹಚ್ಚಲು, ಹಾಯಿ ಹೊಲಿಯಲು ಚಳಿಗಾಲದಲ್ಲಿ ಸ್ವಯಂಸೇವಕರು ಬೇಕಾಗುತ್ತಾರೆ. ಒಳಗೆ ಸೇರಲು ಅದು ಒಳ್ಳೆಯ ದಾರಿ.

ಸಂಬಳದ ಕೆಲಸಕ್ಕೆ ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ನಿಯಮ) ಪ್ರಕಾರದ ಮೂಲ ಸುರಕ್ಷತಾ ತರಬೇತಿ ಬೇಕು. ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ನಡೆದುಕೊಳ್ಳುವ ರೀತಿ ಇದರಲ್ಲಿ ಬರುತ್ತವೆ. ಭಾರತದಲ್ಲಿ ನೌಕಾಯಾನ ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಗಳಲ್ಲಷ್ಟೇ ಮಾಡಿ. ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ ಸಿಗುವುದೂ ಅದೇ ನಿರ್ದೇಶನಾಲಯದ ವ್ಯವಸ್ಥೆಯಲ್ಲಿ.

ಕೆಲಸ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವ ಏಜೆಂಟರು ಕರಾವಳಿಯಲ್ಲೂ ಇದ್ದಾರೆ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನೇಮಕಾತಿಗೆ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ಸಿಡಿಸಿ, ವೈದ್ಯಕೀಯ ಪ್ರಮಾಣಪತ್ರದ ಖರ್ಚು ಮಾತ್ರ ನಿಮ್ಮದು. ತರಬೇತಿ ಸೀಟಿಗೆ ನೀವು ಕೊಡುವ ಹಣ ಬೇರೆ, ಅದನ್ನು ಹಡಗಿನ ಸಂಸ್ಥೆಗೇ ನೇರ ಕಟ್ಟಿ ರಸೀದಿ ಪಡೆಯಿರಿ.